ಸಿಡುಕಿನ ತಂದೆ: ಗೃಹಹಾಸ್ಯದ ಒಂದು ಪಾತ್ರವೂ ಪ್ರೇಕ್ಷಕರ ಮತಭೇದವೂ

೧. ವಿಷಯನಿರ್ದೇಶ

ಹಾಸ್ಯವನ್ನು ಕುರಿತು ವಿಚಾರ ಮಾಡಹೊರಟವರಿಗೆ ಮೊದಲ ಹೆಜ್ಜೆಯಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಕರುಣರಸದ ನಾಟಕವನ್ನು ನೋಡಿ ಕಣ್ಣೀರಿಟ್ಟ ಇಬ್ಬರು ಪ್ರಾಯಶಃ ಒಂದೇ ಕಾರಣಕ್ಕಾಗಿ ಕಣ್ಣೀರಿಟ್ಟಿರುತ್ತಾರೆ. ಹಾಸ್ಯನಾಟಕವನ್ನು ನೋಡಿ ನಕ್ಕವರ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಒಂದೇ ಮಾತಿಗೆ, ಒಂದೇ ಗಳಿಗೆಯಲ್ಲಿ, ಒಂದೇ ಚಾಪೆಯ ಮೇಲೆ ಕುಳಿತು ನಕ್ಕ ಇಬ್ಬರ ನಗೆಗೆ ಪರಸ್ಪರ ವಿರುದ್ಧವಾದ ಕಾರಣಗಳಿರಬಹುದು. ಆದ ಕಾರಣ ಒಂದು ಹಾಸ್ಯಕೃತಿಯು ಜನರನ್ನು ನಗಿಸಿತೆಂಬ ಸಂಗತಿಯೊಂದರಿಂದಲೇ ಅದರ ಗುಣವನ್ನಾಗಲಿ ಪರಿಣಾಮವನ್ನಾಗಲಿ ನಿರ್ಣಯಿಸಲು ಬರುವುದಿಲ್ಲ.

ಈ ತೊಡಕು ಅತ್ಯಂತ ಸ್ಪಷ್ಟವಾಗಿ ಕಾಣಬರುವುದು ಗೃಹಹಾಸ್ಯದ ‘ಸಿಡುಕಿನ ತಂದೆ’ಯ ಪಾತ್ರದಲ್ಲಿ. ಮಕ್ಕಳನ್ನು ಗದರಿಸುತ್ತ, ಹೆಂಡತಿಯ ಮೇಲೆ ರೇಗುತ್ತ, ಕಾಲಧರ್ಮವನ್ನು ಹಳಿಯುತ್ತ, ಮನೆಯ ನಡುವೆ ಕುಳಿತಿರುವ ಈ ಮುಖ ಗಂಟಿಕ್ಕಿದ ಗೃಹಸ್ಥನು ರಂಗಭೂಮಿಗೆ ಹಳಬನು. ದೂರದರ್ಶನದ ನಗೆಧಾರಾವಾಹಿಗಳಿಗೂ ಅವನು ಚೆನ್ನಾಗಿ ಪರಿಚಿತನು. ಅವನನ್ನು ಕಂಡು ನಗುವವರಲ್ಲಿ ಕೆಲವರು ಅವನನ್ನು ಪ್ರೀತಿಸಿ ನಗುತ್ತಾರೆ, ಕೆಲವರು ಹೀಗಳೆದು ನಗುತ್ತಾರೆ, ಕೆಲವರು ಅವನ ಪಕ್ಷ ವಹಿಸಿ ನಗುತ್ತಾರೆ. ನಗಲಾರದೆ ಎದ್ದುಹೋಗುವವರೂ ಉಂಟು. ಈ ಮತಭೇದಕ್ಕೆ ಕಾರಣವೇನು, ಅದರಲ್ಲಿ ಕೃತಿಯ ಪಾಲೆಷ್ಟು, ನೋಡುವವರ ಪಾಲೆಷ್ಟು, ಈ ಅಭಿಪ್ರಾಯಗಳಲ್ಲಿ ತಾರತಮ್ಯ ಮಾಡಲು ಆಧಾರವುಂಟೆ ಎಂಬ ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲಾಗಿದೆ. ವಿಷಯವು ಲಘುವೆಂದು ವಿದ್ವಾಂಸರು ಉಪೇಕ್ಷಿಸತಕ್ಕದ್ದಲ್ಲ. ಮನೆಯಲ್ಲಿ ಯಾರ ಕೋಪವು ಕ್ಷಮ್ಯ, ಯಾರದು ಅಕ್ಷಮ್ಯ ಎಂಬ ಪಾಠವನ್ನು ನಮ್ಮ ಮಕ್ಕಳು ಈಗ ಪುರಾಣಶ್ರವಣಕ್ಕಿಂತ ಹೆಚ್ಚಾಗಿ ಇಂಥ ಧಾರಾವಾಹಿಗಳಿಂದಲೇ ಕಲಿಯುತ್ತಿದ್ದಾರೆ.

೨. ಪಾತ್ರದ ಪ್ರಾಚೀನತೆ

ಯವನರ ನಾಟಕಕಾರನಾದ ಮೆನಾಂಡರನು ಕ್ರಿಸ್ತಪೂರ್ವ ೩೧೬ರಲ್ಲಿ ಅಥೆನ್ಸಿನ ಲೆನಾಯಾ ಉತ್ಸವದಲ್ಲಿ ಆಡಿಸಿ ಮೊದಲ ಬಹುಮಾನವನ್ನು ಪಡೆದ ನಾಟಕದ ಹೆಸರೇ ‘ಡಿಸ್ಕೊಲೊಸ್’, ಎಂದರೆ ‘ಸಿಡುಕ’. ಬಹುಕಾಲ ಲುಪ್ತವಾಗಿದ್ದ ಈ ಕೃತಿಯು ಈಜಿಪ್ಟಿನ ಪಪೈರಸ್ ಹಸ್ತಪ್ರತಿಯೊಂದರಲ್ಲಿ ದೊರೆತು ೧೯೫೮ರಲ್ಲಿ ಪ್ರಕಟವಾಯಿತು. ಅದರ ನಾಯಕನಾದ ಕ್ನೆಮೋನನು ಕಲ್ಲುನೆಲದ ಒಕ್ಕಲಿಗನು. ಮಗಳೊಬ್ಬಳನ್ನು ಜೊತೆಯಲ್ಲಿಟ್ಟುಕೊಂಡು ಉಳಿದ ಲೋಕವನ್ನೆಲ್ಲ ಬೈದು ದೂರವಿಟ್ಟವನು. ಒಮ್ಮೆ ಅವನು ಬಾವಿಗೆ ಬೀಳುತ್ತಾನೆ. ಅವನನ್ನು ಮೇಲಕ್ಕೆತ್ತುವವನು ಅವನು ಎಂದೂ ಆದರಿಸದಿದ್ದ ಮಲಮಗನು. ಯಾರ ಹಂಗೂ ಇಲ್ಲದೆ ಬಾಳಬಹುದೆಂಬ ತನ್ನ ಎಣಿಕೆ ತಪ್ಪೆಂದು ಕ್ನೆಮೋನನು ಆಗ ಒಪ್ಪಿಕೊಳ್ಳುತ್ತಾನೆ. ಆದರೂ ಸ್ವಭಾವವು ಬದಲಾಗುವುದಿಲ್ಲ. ನಾಟಕದ ಕೊನೆಯಲ್ಲಿ ಅಡಿಗೆಯವನೂ ಆಳೂ ಕೂಡಿಕೊಂಡು ಅವನನ್ನು ಕಾಡಿಸಿ ಔತಣಕ್ಕೆ ಹೊತ್ತೊಯ್ಯುತ್ತಾರೆ. ಮುಂದಿನ ಕಾಲದ ಎಲ್ಲ ಸಿಡುಕರ ಲಕ್ಷಣವೂ ಇಲ್ಲಿಯೇ ಸಿದ್ಧವಾಗಿದೆ: ಕಾರಣಕ್ಕೆ ಮೀರಿದ ಕೋಪ, ಆಪತ್ತಿನಲ್ಲಿ ಬಯಲಾಗುವ ಅಸಹಾಯತೆ, ಅರ್ಧ ಮಾತ್ರ ಆಗುವ ಪರಿವರ್ತನೆ.

ರೋಮಿನ ಟೆರೆನ್ಸನು ಕ್ರಿಸ್ತಪೂರ್ವ ೧೬೦ರಲ್ಲಿ ಆಡಿಸಿದ ‘ಅಡೆಲ್ಫೊಯೆ’, ಎಂದರೆ ‘ಸೋದರರು’, ಈ ಪಾತ್ರವನ್ನು ವಾದದ ರೂಪದಲ್ಲಿ ನಿಲ್ಲಿಸಿತು. ಡೆಮಿಯನು ಬಿಗಿಯಾದ ತಂದೆ. ಅವನ ತಮ್ಮನಾದ ಮಿಕಿಯೋ ಸಡಿಲವಾದವನು. ಡೆಮಿಯನ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನು ಅವನಲ್ಲಿ, ಇನ್ನೊಬ್ಬನು ಚಿಕ್ಕಪ್ಪನಲ್ಲಿ ಬೆಳೆಯುತ್ತಾರೆ. ನಾಟಕದ ಬಹುಭಾಗದಲ್ಲಿ ನಗೆಗೀಡಾಗುವವನು ಡೆಮಿಯ. ಕೊನೆಯಲ್ಲಿ ಅವನೇ ತಿರುಗಿ ನಿಂತು, ತಮ್ಮನ ಔದಾರ್ಯವೂ ಕೂಡ ಅಗ್ಗದ ಜನಪ್ರಿಯತೆಯೇ ಎಂದು ತೋರಿಸಿಕೊಡುತ್ತಾನೆ. ಈ ಇಬ್ಬರಲ್ಲಿ ಕವಿಯ ಒಲವು ಯಾರ ಕಡೆಗೆ ಎಂಬ ವಿಷಯದಲ್ಲಿ ಪಂಡಿತರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ. ಸಿಡುಕಿನ ತಂದೆಯನ್ನು ಕುರಿತ ಮತಭೇದವು ದೂರದರ್ಶನದೊಡನೆ ಹುಟ್ಟಿದ್ದಲ್ಲವೆಂಬುದು ಇದರಿಂದ ವಿಶದವಾಗುತ್ತದೆ.

ನಮ್ಮ ಸಂಸ್ಕೃತ ನಾಟಕಪರಂಪರೆಯಲ್ಲಿ ಈ ಪಾತ್ರಕ್ಕೆ ಪ್ರಾಮುಖ್ಯವಿಲ್ಲ. ಅಲ್ಲಿ ನಗೆಯ ಭಾರವನ್ನು ಹೊರುವವನು ವಿದೂಷಕನು. ಪ್ರಹಸನಗಳಲ್ಲಾದರೆ ವೇಷಧಾರಿಗಳಾದ ಸಂನ್ಯಾಸಿಗಳೂ ಕಾಪಾಲಿಕರೂ. ಏಳನೆಯ ಶತಮಾನದ ಪಲ್ಲವರಾಜನಾದ ಮಹೇಂದ್ರವರ್ಮನ ‘ಮತ್ತವಿಲಾಸ’ವನ್ನು ಇದಕ್ಕೆ ನಿದರ್ಶನವಾಗಿ ಹೇಳಬಹುದು. ಕೋಪಶೀಲನಾದ ದೂರ್ವಾಸನು ಕಾಳಿದಾಸನಲ್ಲಿ ಉಂಟು. ಆದರೆ ಆ ಕೋಪವು ಶಾಪವಾಗಿ ಫಲಿಸುವುದರಿಂದ ಅದನ್ನು ಕಂಡು ನಗುವವರಿಲ್ಲ. ಪಿತೃವಾಕ್ಯಪರಿಪಾಲನೆಯನ್ನು ಧರ್ಮವಾಗಿಟ್ಟ ಸಮಾಜವು ತಂದೆಯನ್ನು ನಗೆಗೀಡು ಮಾಡಲು ಹಿಂಜರಿದುದು ಸಹಜವೇ ಸರಿ. ನಮ್ಮ ಜನಪದ ಹಾಡುಗಳಲ್ಲಿಯೂ ಸಿಡುಕಿನ ಪಟ್ಟವು ಹೆಚ್ಚಾಗಿ ಅತ್ತೆಗೆ ಮೀಸಲಾಗಿದೆ. ತವರಿನ ತಂದೆಯು ಅಲ್ಲಿ ನೆನೆದು ಕಣ್ಣೀರಿಡತಕ್ಕವನೇ ಹೊರತು ನಗತಕ್ಕವನಲ್ಲ.

೩. ಕನ್ನಡದಲ್ಲಿ ಈ ಪಾತ್ರದ ಪ್ರವೇಶ

ಕನ್ನಡ ರಂಗಭೂಮಿಯ ಮೇಲೆ ತಂದೆಯ ಸಿಡುಕನ್ನು ವಿಮರ್ಶೆಗೆ ಒಡ್ಡಿದವರಲ್ಲಿ ಟಿ. ಪಿ. ಕೈಲಾಸಂ (೧೮೮೪–೧೯೪೬) ಅಗ್ರಗಣ್ಯರು. ಅವರ ‘ಟೊಳ್ಳುಗಟ್ಟಿ’ಯ ಹಿರಿಯಣ್ಣಯ್ಯನು ನಮ್ಮ ಆಧುನಿಕ ಸಾಹಿತ್ಯದಲ್ಲಿ ಈ ಕುಲದ ಮೂಲಪುರುಷನೆಂದರೆ ಅತಿಶಯೋಕ್ತಿಯಾಗಲಾರದು. ಪರೀಕ್ಷೆಯಲ್ಲಿ ಗೆದ್ದ ಮಗನಾದ ಪುಟ್ಟುವು ಅವನ ಕಣ್ಮಣಿ; ಶಾಲೆಯಲ್ಲಿ ಹಿಂದೆಬಿದ್ದು ಮನೆಯವರ ಕಷ್ಟಸುಖಗಳಿಗೆ ಒದಗುವ ಮಾಧುವು ಅವನ ಬೈಗುಳಕ್ಕೆ ನಿತ್ಯದ ಗುರಿ. ಮನೆಗೆ ಆಪತ್ತು ಬಂದಾಗ ಟೊಳ್ಳು ಯಾವುದು, ಗಟ್ಟಿ ಯಾವುದು ಎಂಬುದು ಹೊರಬೀಳುತ್ತದೆ. ಮಕ್ಕಳ ನಿಜವಾದ ಪಾಠಶಾಲೆ ಮನೆಯೇ ಅಲ್ಲವೆ ಎಂಬ ಅರ್ಥದ ಇನ್ನೊಂದು ಹೆಸರನ್ನೂ ಕೈಲಾಸಂ ಈ ನಾಟಕಕ್ಕೆ ಕೊಟ್ಟಿದ್ದಾರೆ.

ಹಿರಿಯಣ್ಣಯ್ಯನ ಸಿಡುಕಿಗೆ ಒಂದು ಐತಿಹಾಸಿಕ ಸಂದರ್ಭವೂ ಇದೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಇಂಗ್ಲಿಷ್ ವಿದ್ಯಾಭ್ಯಾಸವು ಸರಕಾರಿ ಉದ್ಯೋಗಕ್ಕೆ ದಾರಿಯಾದಂದಿನಿಂದ ಮಧ್ಯಮವರ್ಗದ ತಂದೆಗೆ ಮಗನ ‘ಪಾಸು’ ‘ಫೇಲು’ಗಳೇ ಮನೆಯ ಏಳುಬೀಳುಗಳ ಅಳತೆಗೋಲಾದವು. ತನ್ನ ವಶದಲ್ಲಿಲ್ಲದ ಪರೀಕ್ಷೆಗೆ ಹೆದರಿದವನು ತನ್ನ ವಶದಲ್ಲಿರುವ ಮಗನ ಮೇಲೆ ರೇಗುತ್ತಾನೆ. ಹೀಗೆ ಅವನ ಸಿಡುಕಿನ ಬೇರು ಭಯದಲ್ಲಿದೆ. ಕೈಲಾಸಂ ಇದನ್ನು ಬಲ್ಲವರಾದುದರಿಂದಲೇ ಹಿರಿಯಣ್ಣಯ್ಯನು ದುಷ್ಟನಾಗಿ ತೋರುವುದಿಲ್ಲ. ಅಳತೆ ತಪ್ಪಿದವನಾಗಿ ತೋರುತ್ತಾನೆ.

೪. ಕೋಪವು ಹಾಸ್ಯವಾಗುವ ಬಗೆ

ಕ್ರೋಧವು ರೌದ್ರರಸಕ್ಕೆ ಸ್ಥಾಯಿಭಾವ. ಹಾಗಿದ್ದ ಮೇಲೆ ಕೋಪಿಷ್ಠನಾದ ತಂದೆಯನ್ನು ಕಂಡಾಗ ಪ್ರೇಕ್ಷಕನಿಗೆ ರೌದ್ರದ ಅನುಭವವಾಗದೆ ನಗು ಬರುವುದೇಕೆ? ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹಾಸ್ಯವನ್ನು ಶೃಂಗಾರದ ಅನುಕೃತಿಯಿಂದ ಹುಟ್ಟಿಸುತ್ತಾನೆ. ಅಭಿನವಗುಪ್ತನು ಅದನ್ನು ವ್ಯಾಖ್ಯಾನಿಸುತ್ತ ತತ್ತ್ವವನ್ನು ವಿಸ್ತರಿಸಿ, ಯಾವ ಭಾವವೇ ಆಗಲಿ ಅನೌಚಿತ್ಯದಿಂದ ಪ್ರವರ್ತಿಸಿದರೆ ಹಾಸ್ಯಕ್ಕೆ ವಿಭಾವವಾಗುತ್ತದೆಂದು ತಿಳಿಸುತ್ತಾನೆ. ಎಂದರೆ, ಕ್ರೋಧವು ತಕ್ಕ ಕಾರಣವಿಲ್ಲದೆ, ತಕ್ಕವನಲ್ಲದವನ ಮೇಲೆ, ತಕ್ಕಷ್ಟನ್ನು ಮೀರಿ ಹರಿದಾಗ ಅದು ರೌದ್ರದ ಆಭಾಸವಾಗಿ ನಗೆಯನ್ನು ತರುತ್ತದೆ.

ಸಿಡುಕಿನ ತಂದೆಯ ವಿಷಯದಲ್ಲಿ ಈ ಲಕ್ಷಣವು ಚೆನ್ನಾಗಿ ಹೊಂದುತ್ತದೆ. ಶತ್ರುವಿನ ಮೇಲೆ ಎತ್ತಬೇಕಾದ ದನಿಯನ್ನು ಅವನು ಉಪ್ಪು ಹೆಚ್ಚಾದ ಸಾರಿನ ಮೇಲೆ ಎತ್ತುತ್ತಾನೆ. ಯುದ್ಧದ ಸನ್ನಾಹವನ್ನು ಕಳೆದುಹೋದ ಕನ್ನಡಕಕ್ಕಾಗಿ ಮಾಡುತ್ತಾನೆ, ಆ ಕನ್ನಡಕವಾದರೋ ಅವನ ಹಣೆಯ ಮೇಲೆಯೇ ಇರುತ್ತದೆ. ಆದರೆ ಇಲ್ಲಿ ಒಂದು ಮಾತನ್ನು ಮರೆಯಲಾಗದು. ಭರತನ ಮತದಲ್ಲಿ ರೌದ್ರದಿಂದ ನೇರವಾಗಿ ಹುಟ್ಟುವುದು ಕರುಣ. ಕೋಪದ ಪೆಟ್ಟು ನಿಜವಾಗಿ ತಗುಲಿದೆಡೆಯಲ್ಲಿ ನಗುವಿಗೆ ಸ್ಥಳವಿಲ್ಲ. ಆದುದರಿಂದ ಈ ಪಾತ್ರದ ಒಂದು ಮಗ್ಗುಲಲ್ಲಿ ಹಾಸ್ಯವೂ ಇನ್ನೊಂದು ಮಗ್ಗುಲಲ್ಲಿ ಕರುಣವೂ ಇರುತ್ತವೆ. ಪ್ರೇಕ್ಷಕನು ಯಾವ ಮಗ್ಗುಲಲ್ಲಿ ಕುಳಿತಿದ್ದಾನೆಂಬುದರ ಮೇಲೆ ಅವನ ಅಭಿಪ್ರಾಯವು ಬದಲಾಗುತ್ತದೆ.

೫. ದೂರದರ್ಶನದಲ್ಲಿ

ಕರ್ನಾಟಕದಲ್ಲಿ ಚಿತ್ರಿತವಾಗಿ, ಕನ್ನಡದ ನಟರಿಂದ ಅಭಿನೀತವಾಗಿ, ದೇಶಾದ್ಯಂತ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಇಲ್ಲಿ ಮುಖ್ಯ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗರು ನಿರ್ದೇಶಿಸಿದ ಈ ಕೃತಿಯು ೧೯೮೬–೮೭ರಲ್ಲಿ ದೂರದರ್ಶನದಲ್ಲಿ ಬಂದಿತು. ಮಲೆನಾಡಿನ ಆಗುಂಬೆಯೇ ಅದರಲ್ಲಿ ಮಾಲ್ಗುಡಿಯಾಯಿತು. ೧೯೩೫ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯ ಭಾಗದಲ್ಲಿ ಬಾಲಕ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥನೂ, ಅವನ ತಂದೆಯಾದ ವಕೀಲರಾಗಿ ಗಿರೀಶ ಕಾರ್ನಾಡರೂ, ತಾಯಿಯಾಗಿ ವೈಶಾಲಿ ಕಾಸರವಳ್ಳಿಯವರೂ ಅಭಿನಯಿಸಿದರು. ಇದನ್ನು ಶುದ್ಧ ಪ್ರಹಸನವೆನ್ನಲಾಗದಿದ್ದರೂ, ಗಂಟುಮುಖದ ತಂದೆಯನ್ನು ನಮ್ಮ ಜನರು ಪೆಟ್ಟಿಗೆಯ ಪರದೆಯ ಮೇಲೆ ಕಂಡು ಮೆಚ್ಚಿದ ಪ್ರಸಂಗಗಳಲ್ಲಿ ಇದು ಮುಖ್ಯವಾದುದು.

ಕಾದಂಬರಿಯ ಒಂದು ಸನ್ನಿವೇಶವನ್ನು ನೋಡೋಣ. ರಜೆಯ ದಿನ ತಂದೆಯು ಮಗನನ್ನು ಹಿಡಿದು ಕೂರಿಸಿ ಲೆಕ್ಕ ಕೊಡುತ್ತಾನೆ: ಹತ್ತು ಮಾವಿನಹಣ್ಣಿಗೆ ಹದಿನೈದು ಆಣೆಯಾದರೆ ನಾಲ್ಕಕ್ಕೆಷ್ಟು? ಹುಡುಗನಿಗೆ ಬಂದ ಸಂದೇಹವೇ ಬೇರೆ: ಹಣ್ಣು ಕಳಿತಿತ್ತೆ, ಇಲ್ಲವೆ? ತಂದೆಯು ಬರುವ ನಗೆಯನ್ನು ತಡೆದುಕೊಂಡು, ಮೊದಲು ಲೆಕ್ಕ ಮಾಡೆನ್ನುತ್ತಾನೆ. ಕೊನೆಗೆ ಕಿವಿ ಹಿಂಡಿಸಿಕೊಂಡ ಹುಡುಗನು ಅಳುತ್ತಾನೆ. ಆ ತಡೆದುಕೊಂಡ ನಗೆಯು ಈ ಸನ್ನಿವೇಶದ ಜೀವಾಳ. ಪ್ರೇಕ್ಷಕನು ಪ್ರಶ್ನೆಯನ್ನು ಕೇಳಿ ನಗುವ ಹೊತ್ತಿನಲ್ಲಿಯೇ ತಂದೆಗೂ ನಗು ಬಂದಿದೆ. ಆದರೆ ತಂದೆಯೆಂಬ ಪದವಿಯು ಅವನಿಗೆ ನಗಲು ಅಪ್ಪಣೆ ಕೊಡುವುದಿಲ್ಲ. ಹೀಗಾಗಿ ಅಲ್ಲಿ ನಗೆಗೀಡಾಗುವುದು ಒಬ್ಬ ವ್ಯಕ್ತಿಯಲ್ಲ, ಒಂದು ಪದವಿ.

ಇನ್ನೊಂದು ಪ್ರಸಂಗ: ಹಳ್ಳಿಯ ಹುಡುಗನೊಬ್ಬನು ಹುಲಿಯನ್ನು ಎದುರಿಸಿದನೆಂದು ಪತ್ರಿಕೆಯಲ್ಲಿ ಓದಿದ ತಂದೆಯು, ಧೈರ್ಯವನ್ನು ಕಲಿಸುವುದಕ್ಕಾಗಿ, ಅಜ್ಜಿಯ ಮಗ್ಗುಲಲ್ಲಿ ಮಲಗುವ ಮಗನನ್ನು ತನ್ನ ಕಚೇರಿಯ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುತ್ತಾನೆ. ಭಯದಿಂದ ಹುಡುಗನು ಕಚ್ಚಿದ ಕಾಲು ಕಳ್ಳನದಾಗಿ, ಊರೆಲ್ಲ ಅವನನ್ನು ವೀರನೆನ್ನುತ್ತದೆ. ಮರುರಾತ್ರಿ ತಂದೆ ಮನೆಗೆ ಬಂದು ನೋಡಿದರೆ ವೀರನು ಅಜ್ಜಿಯ ಮಗ್ಗುಲಲ್ಲಿಯೇ ಮಲಗಿದ್ದಾನೆ! ತಂದೆಯು ಗೊಣಗುತ್ತ ಹಿಂದೆಗೆಯುತ್ತಾನೆ. ನಿದ್ದೆಯ ಸೋಗಿನಲ್ಲಿದ್ದ ಹುಡುಗನಿಗೆ ನೆಮ್ಮದಿಯಾಗುತ್ತದೆ. ತಂದೆ ಸೋತಿದ್ದಾನೆ, ಆದರೆ ಸೋತೆನೆಂದು ಹೇಳಿಲ್ಲ. ಮುಂದೆ ಸ್ವಾಮಿಯು ಮನೆ ಬಿಟ್ಟು ಓಡಿಹೋದಾಗ ಇದೇ ತಂದೆಯು ಕಂಗಾಲಾಗಿ ನದಿಯ ದಡದಲ್ಲಿಯೂ ರೈಲುಹಾದಿಯಲ್ಲಿಯೂ ಹುಡುಕುತ್ತಾನೆ. ಸಿಡುಕಿನ ಒಳಗಿದ್ದ ಭಯವು ಆಗ ಹೊರಕ್ಕೆ ಕಾಣುತ್ತದೆ.

ಕನ್ನಡದ ಗೃಹಹಾಸ್ಯ ಧಾರಾವಾಹಿಗಳು ಇದೇ ಕಾಲದಿಂದ ಬೆಳೆದುವು. ಬೆಂಗಳೂರಿನ ದೂರದರ್ಶನದಲ್ಲಿ ರಮೇಶ ಭಟ್ಟರು ಮುಖ್ಯಪಾತ್ರದಲ್ಲಿದ್ದ ‘ಕ್ರೇಜಿ ಕರ್ನಲ್’ ಜನಪ್ರಿಯವಾಯಿತು. ಈ ಶತಮಾನದ ಮೊದಲ ದಶಕದಲ್ಲಿ, ಈಗ ಕಲರ್ಸ್ ಕನ್ನಡವೆಂದು ಹೆಸರು ಬದಲಿಸಿಕೊಂಡಿರುವ ಈಟಿವಿ ಕನ್ನಡ ವಾಹಿನಿಯಲ್ಲಿ, ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಮೊದಲಾದುವು ಬಹುಕಾಲ ನಡೆದುವು. ಇವುಗಳಲ್ಲಿ ಮೊದಲನೆಯದು ಗಮನಾರ್ಹ: ಅಲ್ಲಿ ಸಿಡುಕು ಗಂಡನಿಂದ ಹೆಂಡತಿಗೆ ವರ್ಗವಾಗಿದೆ, ಗೃಹಸ್ಥನು ಪೆಟ್ಟು ತಿನ್ನುವವನಾಗಿದ್ದಾನೆ. ಹೆಸರಿನ ಮೊದಲಲ್ಲಿರುವ ‘ಪಾಪ’ ಎಂಬ ಮಾತೇ ಪ್ರೇಕ್ಷಕನ ಅಭಿಪ್ರಾಯವನ್ನು ಮುಂಚಿತವಾಗಿ ನಿರ್ಣಯಿಸಿಬಿಡುತ್ತದೆ. ಸಿಡುಕಿನ ತಂದೆಯನ್ನು ‘ಪಾಪ’ ಎನ್ನಬೇಕೋ ‘ಪಾಪಿ’ ಎನ್ನಬೇಕೋ ಎಂಬ ಸಂದೇಹವು ಇಲ್ಲಿ ಎದ್ದೇಳುವುದಿಲ್ಲ.

೬. ಪ್ರೇಕ್ಷಕರ ನಾಲ್ಕು ಪಕ್ಷಗಳು

ಇಂಥ ಪಾತ್ರವನ್ನು ಕುರಿತು ಕೇಳಿಬರುವ ಅಭಿಪ್ರಾಯಗಳನ್ನು ನಾಲ್ಕು ಪಕ್ಷಗಳಾಗಿ ವಿಂಗಡಿಸಬಹುದು.

ಮೊದಲನೆಯದು ವಾತ್ಸಲ್ಯಪಕ್ಷ. ಅವನು ಹಲಸಿನ ಹಣ್ಣಿನಂಥವನು, ಹೊರಗೆ ಮುಳ್ಳಾದರೂ ಒಳಗೆ ಸಿಹಿ ಎಂದು ಇವರ ಮತ. ಎರಡನೆಯದು ವಿಡಂಬನಪಕ್ಷ. ಧಾರಾವಾಹಿಯು ಅವನನ್ನು ನಗೆಗೀಡು ಮಾಡುವ ಮೂಲಕ ಹಳೆಯ ದರ್ಪವನ್ನು ಖಂಡಿಸುತ್ತದೆ, ನಗುವೇ ಅಲ್ಲಿ ಶಿಕ್ಷೆ ಎಂದು ಇವರು ಹೇಳುತ್ತಾರೆ. ಮೂರನೆಯದು ಅನುಮೋದನಪಕ್ಷ. ಅವನ ಮಾತು ಒರಟಾದರೂ ನಿಜ, ಈಗಿನ ಮಕ್ಕಳಿಗೆ ಅಂಥವನೇ ಬೇಕು ಎನ್ನುವವರು ಇವರು. ನಾಲ್ಕನೆಯದು ನಗಲಾರದವರ ಪಕ್ಷ. ಅಂಥ ತಂದೆಯ ಕೆಳಗೆ ಬೆಳೆದವರಿಗೆ, ಬಾಗಿಲ ಚಿಲಕದ ಸದ್ದಿಗೆ ಬೆಚ್ಚಿದ ನೆನಪುಳ್ಳವರಿಗೆ, ಅವನ ಗುಡುಗು ಹಾಸ್ಯವಾಗಿ ಕೇಳಿಸುವುದಿಲ್ಲ.

ಮೊದಲ ಮೂರು ಪಕ್ಷದವರೂ ಒಂದೇ ಹೊತ್ತಿನಲ್ಲಿ ನಗುತ್ತಾರೆಂಬುದನ್ನು ಗಮನಿಸಬೇಕು. ಧಾರಾವಾಹಿಯನ್ನು ಮಾಡಿದವರು ನಗೆಯನ್ನು ಎಣಿಸಿ, ತಮ್ಮ ಉದ್ದೇಶ ಸಿದ್ಧಿಸಿತೆಂದು ತಿಳಿದರೆ ಮೋಸಹೋಗುತ್ತಾರೆ.

ಇದು ಕೇವಲ ಊಹೆಯಲ್ಲವೆಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ಸಂಶೋಧನೆಯು ಸಾಕ್ಷಿಯಾಗಿದೆ. ಬ್ರಿಟನ್ನಿನ ಬಿಬಿಸಿಯಲ್ಲಿ ೧೯೬೫ರಿಂದ ೧೯೭೫ರವರೆಗೆ ಬಂದ ‘ಟಿಲ್ ಡೆತ್ ಅಸ್ ಡು ಪಾರ್ಟ್’ ಎಂಬ ಹಾಸ್ಯಮಾಲೆಯನ್ನು ಅನುಸರಿಸಿ ನಾರ್ಮನ್ ಲಿಯರ್ ಎಂಬವರು ‘ಆಲ್ ಇನ್ ದ ಫ್ಯಾಮಿಲಿ’ ಎಂಬ ಮಾಲೆಯನ್ನು ನಿರ್ಮಿಸಿದರು. ಅದು ಸಿಬಿಎಸ್ ವಾಹಿನಿಯಲ್ಲಿ ೧೯೭೧ರಿಂದ ೧೯೭೯ರವರೆಗೆ ನಡೆಯಿತು. ಅದರ ನಾಯಕನಾದ ಆರ್ಚಿ ಬಂಕರನು ಮಗಳ ಮೇಲೂ ಅಳಿಯನ ಮೇಲೂ ನಿತ್ಯವೂ ರೇಗುವ, ಅನ್ಯವರ್ಣದವರನ್ನೂ ಅನ್ಯಮತದವರನ್ನೂ ಹೀನವಾಗಿ ಆಡಿಕೊಳ್ಳುವ ಮುಂಗೋಪಿ. ಈ ಪಾತ್ರದಲ್ಲಿ ತಮ್ಮ ತಂದೆಯ ಛಾಯೆಯುಂಟೆಂದು ಲಿಯರರು ಹೇಳಿಕೊಂಡಿದ್ದರು. ದ್ವೇಷವನ್ನು ನಗೆಗೀಡು ಮಾಡಿದರೆ ಅದು ಬಲಗುಂದುತ್ತದೆಂಬುದು ಮಾಲೆಯ ಸಮರ್ಥಕರ ವಾದ. ಕಾದಂಬರಿಕರ್ತೆಯಾದ ಲಾರಾ ಹಾಬ್ಸನ್ನರು ೧೯೭೧ರಲ್ಲಿಯೇ ಇದನ್ನು ವಿರೋಧಿಸಿ, ಇಷ್ಟು ಮುದ್ದಾಗಿ ಕಾಣುವ ದ್ವೇಷಿಯನ್ನು ತೋರಿಸುವುದು ದ್ವೇಷವನ್ನೇ ಮುದ್ದು ಮಾಡಿದಂತಾಗುತ್ತದೆಂಬ ಭಾವದ ಲೇಖನವನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆದರು.

ವಿವಾದವನ್ನು ಪರೀಕ್ಷೆಗೆ ಒಡ್ಡಿದವರು ನೀಲ್ ವಿಡ್ಮರ್ ಮತ್ತು ಮಿಲ್ಟನ್ ರೋಕೀಚ್ ಎಂಬ ಮನಶ್ಶಾಸ್ತ್ರಜ್ಞರು. ಅಮೆರಿಕದ ತರುಣರನ್ನೂ ಕೆನಡದ ವಯಸ್ಕರನ್ನೂ ವಿಚಾರಿಸಿ ೧೯೭೪ರಲ್ಲಿ ಅವರು ಪ್ರಕಟಿಸಿದ ಫಲಿತಾಂಶವು ಮನನಯೋಗ್ಯವಾಗಿದೆ. ಪೂರ್ವಗ್ರಹ ಹೆಚ್ಚಾಗಿದ್ದವರೂ ಕಡಿಮೆಯಾಗಿದ್ದವರೂ ಮಾಲೆಯನ್ನು ನೋಡಿ ಸಮಾನವಾಗಿಯೇ ಸಂತೋಷಪಟ್ಟಿದ್ದರು. ಆದರೆ ಪೂರ್ವಗ್ರಹ ಹೆಚ್ಚಾಗಿದ್ದವರು ಅಳಿಯನಿಗಿಂತ ಆರ್ಚಿಯನ್ನೇ ಹೆಚ್ಚಾಗಿ ಮೆಚ್ಚುವ ಸಂಭವವಿತ್ತು. ಅಮೆರಿಕದ ತರುಣರಲ್ಲಂತೂ ಅಂಥವರಿಗೆ ವಾದದ ಕೊನೆಯಲ್ಲಿ ಆರ್ಚಿಯೇ ಗೆದ್ದಂತೆ ತೋರುತ್ತಿತ್ತು. ಮಾಲೆಯು ದ್ವೇಷವನ್ನು ಕಡಿಮೆ ಮಾಡುತ್ತದೆಂಬ ವಾದಕ್ಕೆ ಅವರಿಗೆ ಆಧಾರ ದೊರೆಯಲಿಲ್ಲ. ಪ್ರೇಕ್ಷಕನು ತಾನು ತಂದ ಪಾತ್ರೆಯ ಆಕಾರದಲ್ಲಿಯೇ ಹಾಸ್ಯವನ್ನು ತುಂಬಿಕೊಂಡು ಹೋಗುತ್ತಾನೆಂಬುದು ಇದರ ತಾತ್ಪರ್ಯ. ನಮ್ಮ ಆಲಂಕಾರಿಕರು ಸಹೃದಯನ ವಾಸನೆಯನ್ನು ರಸಾನುಭವಕ್ಕೆ ಕಾರಣವೆಂದುದು ಇದನ್ನೇ ಬೇರೊಂದು ಮುಖದಿಂದ ಹೇಳಿದಂತಾಯಿತು. ಆದರೆ ಅವರು ವಾಸನೆಯನ್ನು ಯೋಗ್ಯತೆಯಾಗಿ ಎಣಿಸಿದರು, ಇಲ್ಲಿ ಅದು ಅಡ್ಡಿಯಾಗಿಯೂ ನಿಲ್ಲುತ್ತದೆ.

೭. ಮನೆಯೇ ಪ್ರೇಕ್ಷಾಗೃಹ

ರಂಗಮಂದಿರದ ಪ್ರೇಕ್ಷಕನಿಗೂ ದೂರದರ್ಶನದ ಪ್ರೇಕ್ಷಕನಿಗೂ ಒಂದು ದೊಡ್ಡ ಅಂತರವುಂಟು. ನಾಟಕಶಾಲೆಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತವನು ಅಪರಿಚಿತನು. ದೂರದರ್ಶನದ ಮುಂದೆ ನಮ್ಮ ಪಕ್ಕದಲ್ಲಿ ಕುಳಿತವನು ನಮ್ಮ ತಂದೆ. ನಗೆಗೆ ವಿಷಯವಾದವನೇ ನಗುವವರ ನಡುವೆ ಕುಳಿತಿರುವ ಈ ಏರ್ಪಾಡು ನಾಟ್ಯಚರಿತ್ರೆಯಲ್ಲಿ ಹೊಸದು.

ಉದಾಹರಣೆಗೆ, ಚಿಕ್ಕಬಳ್ಳಾಪುರಕ್ಕೆ ಸಮೀಪದಲ್ಲಿ ನಂದಿಬೆಟ್ಟದ ತಪ್ಪಲಿನ ಕಡೆಗಿರುವ ಮುದ್ದೇನಹಳ್ಳಿಯಂಥ ಒಂದು ಊರನ್ನು ಭಾವಿಸಿಕೊಳ್ಳೋಣ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಈ ಸೀಮೆಯು ಕನ್ನಡ ತೆಲುಗುಗಳೆರಡನ್ನೂ ಆಡುವ ಸೀಮೆ. ಎರಡು ಭಾಷೆಗಳ ಧಾರಾವಾಹಿಗಳೂ ಇಲ್ಲಿಯ ಮನೆಗಳಿಗೆ ಬರುತ್ತವೆ. ರೇಷ್ಮೆಹುಳುವಿಗೆ ಸೊಪ್ಪು ಹಾಕಿ, ದನಕ್ಕೆ ನೀರು ತೋರಿಸಿ, ರಾತ್ರಿಯ ಊಟದ ಹೊತ್ತಿಗೆ ಮೂರು ತಲೆಮಾರಿನವರು ಒಂದೇ ಪಡಸಾಲೆಯಲ್ಲಿ ಕುಳಿತು ನೋಡುವ ರೂಢಿ ಹಳ್ಳಿಗಳಲ್ಲಿ ನೆಲೆಗೊಂಡಿದೆ. ಪರದೆಯ ಮೇಲಿನ ತಂದೆಯು ಮಗನ ಮೇಲೆ ರೇಗಿದಾಗ ಮೊಮ್ಮಗನು ಗಟ್ಟಿಯಾಗಿ ನಗುತ್ತಾನೆ. ಸೊಸೆಯು ಸೆರಗಿನ ಮರೆಯಲ್ಲಿ ನಗುತ್ತಾಳೆ. ಅಜ್ಜಿಯು ‘ನಿಮ್ಮಪ್ಪ ಥೇಟು ಹೀಗೇ ಕಣಪ್ಪಾ’ ಎಂದು ಬಾಯಿಬಿಟ್ಟು ಹೇಳುತ್ತಾಳೆ. ಮನೆಯ ಯಜಮಾನನ ಮುಖವನ್ನು ಎಲ್ಲರೂ ಓರೆಗಣ್ಣಿನಿಂದ ನೋಡುತ್ತಾರೆ.

ಭರತನು ಹಾಸ್ಯವನ್ನು ಆತ್ಮಸ್ಥ, ಪರಸ್ಥವೆಂದು ಎರಡಾಗಿ ವಿಭಾಗಿಸಿದ್ದಾನೆ: ತಾನೇ ನಗುವುದು ಆತ್ಮಸ್ಥ, ಪರರನ್ನು ನಗಿಸುವುದು ಪರಸ್ಥ. ಪರದೆಯ ಮೇಲಿನ ಸಿಡುಕನಲ್ಲಿರುವುದು ಪರಸ್ಥ ಮಾತ್ರ. ಅವನು ನಗಿಸುತ್ತಾನೆ, ನಗುವುದಿಲ್ಲ. ಪಡಸಾಲೆಯಲ್ಲಿ ಕುಳಿತ ತಂದೆಯು ಆ ಹೊತ್ತಿನಲ್ಲಿ ತಾನೂ ನಕ್ಕನೆಂದರೆ ಹಾಸ್ಯವು ಅವನಲ್ಲಿ ಆತ್ಮಸ್ಥವಾಯಿತು. ಪರದೆಯವನಿಂದ ಆಗದಿದ್ದುದು ಇವನಿಂದ ಆಯಿತು. ಅವನು ನಗದೆ ಎದ್ದು ಪೆಟ್ಟಿಗೆಯನ್ನು ಆರಿಸಿದನೆಂದರೆ, ಆ ಮನೆಯಲ್ಲಿ ಹಾಸ್ಯವು ಮುಗಿದು ಕರುಣವು ಮೊದಲಾಯಿತು. ಭರತನು ಎಣಿಸಿದ ಆರು ಬಗೆಯ ನಗೆಯಲ್ಲಿ ಸ್ಮಿತ ಹಸಿತಗಳನ್ನು ಉತ್ತಮರಿಗೂ, ವಿಹಸಿತ ಉಪಹಸಿತಗಳನ್ನು ಮಧ್ಯಮರಿಗೂ, ಅಪಹಸಿತ ಅತಿಹಸಿತಗಳನ್ನು ಅಧಮರಿಗೂ ಹಂಚಿದ್ದಾನೆ. ನಮ್ಮ ಪಡಸಾಲೆಯಲ್ಲಿ ಈ ಹಂಚಿಕೆಯು ಯೋಗ್ಯತೆಯಿಂದಲ್ಲ, ಹೆದರಿಕೆಯಿಂದ ಆಗುತ್ತದೆ. ಸೊಸೆಯದು ಸ್ಮಿತವಾದುದು ಅವಳು ಉತ್ತಮಳಾದುದರಿಂದ ಮಾತ್ರವೇ ಅಲ್ಲ. ಗಟ್ಟಿಯಾಗಿ ನಗಲು ಅವಳಿಗೆ ಆ ಮನೆಯಲ್ಲಿ ಇನ್ನೂ ಹಕ್ಕು ಬಂದಿಲ್ಲದಿರುವುದರಿಂದ. ಪ್ರೇಕ್ಷಕರ ಅಭಿಪ್ರಾಯವನ್ನು ಸಂಗ್ರಹಿಸುವವರು ಈ ಸಂಗತಿಯನ್ನು ಲಕ್ಷ್ಯದಲ್ಲಿಡದಿದ್ದರೆ ಅವರಿಗೆ ದೊರೆಯುವುದು ಮನೆಯ ಯಜಮಾನನ ಅಭಿಪ್ರಾಯ ಮಾತ್ರ.

೮. ಶಿಸ್ತು ಮತ್ತು ಸಿಡುಕು

ಅನುಮೋದನಪಕ್ಷದವರ ವಾದವನ್ನು ಅಲಕ್ಷ್ಯ ಮಾಡುವುದು ನ್ಯಾಯವಲ್ಲ. ತಂದೆಯ ಬಿಗಿಯಿಂದಲೇ ಮನೆಗಳು ನಿಂತಿವೆಯೆಂದು ಅವರು ಹೇಳುತ್ತಾರೆ. ಮುದ್ದೇನಹಳ್ಳಿಯು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಸ್ಥಳ. ೧೯೧೨ರಿಂದ ೧೯೧೮ರವರೆಗೆ ಮೈಸೂರಿನ ದಿವಾನರಾಗಿದ್ದ ಆ ಮಹನೀಯರ ಹೆಸರು ನಮ್ಮ ನಾಡಿನಲ್ಲಿ ಶಿಸ್ತಿಗೆ ಪರ್ಯಾಯಪದವಾಗಿದೆ. ಅವರ ಮನೆಯನ್ನು ಅಲ್ಲಿ ಸ್ಮಾರಕವಾಗಿ ಕಾಪಾಡಿದ್ದಾರೆ. ಇಂಥ ನಾಡಿನಲ್ಲಿ ಗಡಿಯಾರವನ್ನು ನೋಡಿ ಗದರಿಸುವ ತಂದೆಯನ್ನು ಕಂಡು ನಗುವುದು ಶಿಸ್ತನ್ನೇ ನಕ್ಕಂತಾಗುವುದಿಲ್ಲವೆ?

ಆಗುವುದಿಲ್ಲ. ಶಿಸ್ತು ಮೊದಲು ತನ್ನನ್ನು ಕಟ್ಟುತ್ತದೆ, ಅನಂತರ ಪರರನ್ನು. ವಿಶ್ವೇಶ್ವರಯ್ಯನವರನ್ನು ಜನರು ಇಂದಿಗೂ ನೆನ��ುವುದು ಅವರು ಇತರರ ಹೊತ್ತನ್ನು ಲೆಕ್ಕವಿಟ್ಟುದಕ್ಕಲ್ಲ, ತಮ್ಮ ಹೊತ್ತನ್ನು ಲೆಕ್ಕವಿಟ್ಟುದಕ್ಕೆ. ಸಿಡುಕಿನ ತಂದೆಯಾದರೋ ತಾನು ಮಾಡಿದ ಕಟ್ಟಳೆಗೆ ತಾನೊಬ್ಬನೇ ಅಪವಾದ. ಮಗನು ಬೇಗ ಏಳಬೇಕೆಂದು ಕೂಗುವವನು ಹಾಸಿಗೆಯಿಂದಲೇ ಕೂಗುತ್ತಾನೆ. ಧೈರ್ಯವನ್ನು ಕಲಿಸಹೊರಟ ಮಾಲ್ಗುಡಿಯ ತಂದೆಯು ಆ ರಾತ್ರಿ ಒಂಟಿಕೋಣೆಯಲ್ಲಿ ಮಲಗಿದವನಲ್ಲ. ನಗು ಹುಟ್ಟುವುದು ಕಟ್ಟಳೆಯಿಂದಲ್ಲ, ಈ ಅಪವಾದದಿಂದ. ಆದುದರಿಂದ ಒಳ್ಳೆಯ ಗೃಹಹಾಸ್ಯವು ಶಿಸ್ತಿಗೆ ಶತ್ರುವಾಗದೆ, ಶಿಸ್ತಿನ ಹೆಸರಿನಲ್ಲಿ ನಡೆಯುವ ಸ್ವೇಚ್ಛೆಯನ್ನು ಎತ್ತಿ ತೋರಿಸುತ್ತದೆ.

೯. ತಾರತಮ್ಯ ವಿಚಾರ

ಪ್ರೇಕ್ಷಕರು ತಮ್ಮ ತಮ್ಮ ವಾಸನೆಗೆ ತಕ್ಕಂತೆ ನೋಡುತ್ತಾರೆಂದ ಮಾತ್ರಕ್ಕೆ ಎಲ್ಲ ಕೃತಿಗಳೂ ಸಮಾನವೆಂದು ಸಿದ್ಧವಾಗಲಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿ ಕೃತಿಗಳ ತಾರತಮ್ಯವನ್ನು ತಿಳಿಯಬಹುದು.

ಮೊದಲನೆಯದಾಗಿ, ಕೋಪಕ್ಕೆ ಬೆಲೆ ತೆರುವವರು ಯಾರು? ‘ಟೊಳ್ಳುಗಟ್ಟಿ’ಯಲ್ಲಿ ಹಿರಿಯಣ್ಣಯ್ಯನ ಅಳತೆ ತಪ್ಪಿದುದರ ಬೆಲೆಯು ಅವನ ಮನೆಗೇ ತಗುಲುತ್ತದೆ, ಅವನಿಗೆ ಅದು ಕಾಣುತ್ತದೆ. ಬೆಲೆಯೇ ಇಲ್ಲದ ಕೋಪವನ್ನು ತೋರಿಸುವ ಕೃತಿಯು ಕೋಪವನ್ನು ಅಗ್ಗ ಮಾಡುತ್ತದೆ. ಎರಡನೆಯದಾಗಿ, ಬೈಸಿಕೊಂಡವರಿಗೆ ಮಾತುಂಟೆ? ಹಣ್ಣು ಕಳಿತಿತ್ತೆ ಎಂಬ ಸ್ವಾಮಿಯ ಪ್ರಶ್ನೆಯಲ್ಲಿ ಮಗುವಿನ ಲೋಕವೇ ತಂದೆಯ ಲೋಕಕ್ಕೆ ಎದುರಾಗಿ ನಿಲ್ಲುತ್ತದೆ. ಹೆಂಡತಿ ಮಕ್ಕಳು ಬೈಗುಳವನ್ನು ಹೊರುವ ಕಂಬಗಳಾಗಿ ಮಾತ್ರ ನಿಂತಿರುವಲ್ಲಿ ಹಾಸ್ಯವು ತಂದೆಯ ಪಕ್ಷಕ್ಕೆ ಸೇರಿಹೋಗುತ್ತದೆ. ಅಲ್ಲಿ ಅನುಮೋದನಪಕ್ಷವು ಗೆಲ್ಲುವುದು ಪ್ರೇಕ್ಷಕರ ದೋಷದಿಂದಲ್ಲ, ಕೃತಿಯ ದೋಷದಿಂದ. ಮೂರನೆಯದಾಗಿ, ಸಿಡುಕಿನ ಕಾರಣವನ್ನು ಕೃತಿಯು ಬಲ್ಲದೆ? ಕ್ನೆಮೋನನ ಬಡನೆಲ, ಹಿರಿಯಣ್ಣಯ್ಯನ ಪರೀಕ್ಷೆಯ ಭೀತಿ, ಸ್ವಾಮಿಯ ತಂದೆಯು ನದಿಯ ದಡದಲ್ಲಿ ಪಟ್ಟ ಗಾಬರಿ ಇವು ಕಾರಣವನ್ನು ತಿಳಿಸುತ್ತವೆ. ಕಾರಣವನ್ನು ತಿಳಿಯುವುದೆಂದರೆ ಕ್ಷಮಿಸುವುದೆಂದು ಅರ್ಥವಲ್ಲ. ವಾತ್ಸಲ್ಯಪಕ್ಷದವರು ಎಡವುವುದು ಇಲ್ಲಿಯೇ: ಒಳಗಿನ ಸಿಹಿಯನ್ನು ಹೊಗಳುತ್ತ, ಮುಳ್ಳು ಯಾರ ಕೈಗೆ ಚುಚ್ಚಿತೆಂಬುದನ್ನು ಅವರು ವಿಚಾರಿಸುವುದಿಲ್ಲ.

ಇನ್ನು ನಗಲಾರದವರ ಪಕ್ಷ. ರಸಿಕತೆ ಸಾಲದವರೆಂದು ಇವರನ್ನು ತಳ್ಳಿಹಾಕುವುದು ವಾಡಿಕೆ. ಶಾಸ್ತ್ರದೃಷ್ಟಿಯಿಂದ ನೋಡಿದರೆ ಇವರಲ್ಲಿ ಅರಸಿಕತೆಯಿಲ್ಲ. ಇವರು ರೌದ್ರದ ಮಗನಾದ ಕರುಣವನ್ನು ಉಳಿದವರಿಗಿಂತ ಮುಂಚೆ ಕಂಡವರು. ಹಾಸ್ಯವು ಎಲ್ಲಿಗೆ ನಿಲ್ಲಬೇಕೆಂಬ ಗಡಿಯನ್ನು ನಾವು ತಿಳಿಯುವುದು ಇವರಿಂದಲೇ.

೧೦. ಉಪಸಂಹಾರ

ಸಾಹಿತ್ಯೋಪಾಧ್ಯಾಯರಿಗೆ ಇದರಿಂದ ಒಂದು ಪ್ರಯೋಜನವುಂಟು. ಗೃಹಹಾಸ್ಯವನ್ನು ಪಾಠ ಹೇಳುವಾಗ, ನಕ್ಕಿರೋ ಇಲ್ಲವೋ ಎಂದು ವಿದ್ಯಾರ್ಥಿಗಳನ್ನು ಕೇಳುವುದು ನಮ್ಮ ಪದ್ಧತಿ. ಅದಕ್ಕೆ ಬದಲಾಗಿ, ಯಾವ ಮಾತಿಗೆ ನಗು ನಿಂತಿತು ಎಂದು ಕೇಳಿ ನೋಡಬಹುದು. ಒಂದೇ ತರಗತಿಯಲ್ಲಿ ನಗು ಬೇರೆ ಬೇರೆ ಕಡೆಗಳಲ್ಲಿ ನಿಂತಿರುವುದು ಕಂಡುಬರುತ್ತದೆ. ಹುಡುಗರಿಗೆ ಒಂದು ಕಡೆ, ಹುಡುಗಿಯರಿಗೆ ಇನ್ನೊಂದು ಕಡೆ, ಹಿಂದಿನ ಬೆಂಚಿನ ಮೌನಿಗೆ ಬಹುಶಃ ಮೊದಲ ಮಾತಿನಲ್ಲಿಯೇ. ಆ ಸ್ಥಳಗಳನ್ನು ಗುರುತುಹಾಕಿಕೊಂಡು ಅಲ್ಲಿಂದ ಕೃತಿಯ ಚರ್ಚೆಗೆ ತೊಡಗಿದರೆ, ಅನೌಚಿತ್ಯ, ವಿಭಾವ, ರಸಾಭಾಸ ಮೊದಲಾದ ಮಾತುಗಳು ಪರಿಭಾಷೆಯ ಒಣಪಟ್ಟಿಯಾಗಿ ಉಳಿಯದೆ ಅವರ ಮನೆಯ ಅನುಭವಕ್ಕೆ ಬೆಳಕಾಗುತ್ತವೆ.

ಮೆನಾಂಡರನಿಂದ ಇಂದಿನವರೆಗೆ ಸಿಡುಕಿನ ತಂದೆಯು ಸುಮಾರು ಇಪ್ಪತ್ತಮೂರು ಶತಮಾನಗಳ ಕಾಲ ರಂಗದ ಮೇಲೆ ಬದುಕಿದ್ದಾನೆ. ಅವನು ಮುಂದೆಯೂ ಬದುಕುವುದರಲ್ಲಿ ಸಂದೇಹವಿಲ್ಲ. ಭಯವಿರುವಲ್ಲಿ ಸಿಡುಕಿರುತ್ತದೆ, ಮಕ್ಕಳಿರುವಲ್ಲಿ ಭಯವಿರುತ್ತದೆ. ಅವನನ್ನು ಕಂಡು ನಗುವುದನ್ನು ಬಿಡಬೇಕೆಂದು ಯಾರೂ ಹೇಳಬೇಕಾಗಿಲ್ಲ. ಆ ನಗೆಯಲ್ಲಿ ಮನೆಯವರೆಲ್ಲರಿಗೂ ಸಮಾನವಾದ ಪಾಲು ದೊರೆಯುತ್ತಿದೆಯೇ ಎಂಬುದನ್ನು ವಿಚಾರಿಸುವುದು ವಿಮರ್ಶಕನ ಕೆಲಸ.